ಒಲೆಯ ಒಳಗೋಡೆ

ಮನೆಯ ಗೋಡೆಗಳಲ್ಲಿ ಅತ್ಯಂತ ಹೆಚ್ಚು ಕಷ್ಟವನ್ನು ಸಹಿಸತಕ್ಕದ್ದು ಯಾವುದೆಂದು ಕೇಳಿದರೆ, ಬಿಸಿಲು ಮಳೆಗಳಿಗೆ ಮೈಯೊಡ್ಡಿ ನಿಂತಿರುವ ಹೊರಗೋಡೆಯೆಂದೇ ಬಹುಮಂದಿ ಹೇಳಿಯಾರು. ವಿಚಾರಿಸಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಚಾಮರಾಜನಗರದ ಬೇಸಗೆಯ ಬಿಸಿಲಿನಲ್ಲಿಯೂ ಹೊರಗೋಡೆಯ ಮೈ ೬೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಅಪರೂಪ. ಅದೂ ಬೆಳಗಿನಿಂದ ನಿಧಾನವಾಗಿ ಏರಿ, ಸಂಜೆಗೆ ನಿಧಾನವಾಗಿ ಇಳಿಯುವ ಬಿಸಿ. ಒಲೆಯ ಒಳಗಿರುವ ಗೇಣೆತ್ತರದ ಗೋಡೆಯಾದರೋ ಉರಿ ಚೆನ್ನಾಗಿ ಹತ್ತಿಕೊಂಡ ಸ್ವಲ್ಪ ಹೊತ್ತಿನಲ್ಲಿಯೇ ೭೦೦, ೮೦೦ ಡಿಗ್ರಿಗಳವರೆಗೆ ಕಾಯುತ್ತದೆ. ಉರಿ ಆರಿದ ಮೇಲೆ ತಣ್ಣಗಾಗುತ್ತದೆ. ಸಂಜೆ ಮತ್ತೆ ಕಾಯುತ್ತದೆ. ವರ್ಷಕ್ಕೆ ಏಳುನೂರು ಸಲ ಇಂತಹ ಏರಿಳಿತವನ್ನು ತಡೆಯುವ ಗೋಡೆ ಮನೆಯಲ್ಲಿ ಮತ್ತೊಂದಿಲ್ಲ. ಆ ಗೋಡೆಯ ಇಟ್ಟಿಗೆ ಏಕೆ ಒಡೆಯುತ್ತದೆ, ಒಡೆದುದನ್ನು ಯಾವಾಗ ತೆಗೆಯಬೇಕು, ಅದರ ಸ್ಥಳದಲ್ಲಿ ಏನನ್ನು ಹೇಗೆ ಇಡಬೇಕು ಎಂಬುದನ್ನು ನಾವು ಈ ದಿನ ವಿಚಾರಮಾಡೋಣ.

ಪಟ್ಟಣವಾಸಿಗಳಾದ ಶ್ರೋತೃಗಳು, ನಮ್ಮ ಮನೆಯಲ್ಲಿ ಅನಿಲದ ಒಲೆ ಇರುವಾಗ ಈ ಮಾತು ನಮಗೇಕೆ ಎನ್ನಬಹುದು. ಆದರೆ ಪಟ್ಟಣದವರಲ್ಲಿ ಎಷ್ಟೋ ಮಂದಿಗೆ ಊರಿನಲ್ಲಿ ಹಿರಿಯರ ಮನೆಯೊಂದು ಉಂಟು. ಆ ಮನೆಯ ಬಚ್ಚಲಿನಲ್ಲಿ ಹಂಡೆಯ ಒಲೆ ಉಂಟು. ಮದುವೆಯ ಅಡಿಗೆ, ವಿದ್ಯಾರ್ಥಿನಿಲಯಗಳ ಅಡಿಗೆ, ದೇವಸ್ಥಾನದ ದಾಸೋಹ ಇವು ಎಷ್ಟೋ ಕಡೆಗಳಲ್ಲಿ ಇಂದಿಗೂ ಸೌದೆಯ ಉರಿಯಿಂದಲೇ ನಡೆಯುತ್ತವೆ. ಗುಂಡ್ಲುಪೇಟೆಯ ಕಡೆಯ ಹಳ್ಳಿಗಳನ್ನು ನೋಡಿದರೆ ಈ ವಿಷಯದ ತೂಕ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಬಂಡೀಪುರದ ಕಾಡು ೧೯೭೩ರಲ್ಲಿ ಹುಲಿ ಯೋಜನೆಗೆ ಸೇರಿತು. ಅದರ ಅಂಚಿನ ಹಳ್ಳಿಗಳಲ್ಲಿ ಸೌದೆಯೆಂಬುದು ಅಂಗಡಿಯ ಸಾಮಾನಲ್ಲ. ಆನೆಯೂ ಹುಲಿಯೂ ಸಂಚರಿಸುವ ಎಡೆಯಿಂದ ತಲೆಯ ಮೇಲೆ ಹೊತ್ತು ತರಬೇಕಾದ ಹೊರೆ. ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ ಮತ್ತು ಸೇನಾನಿಯವರು ಮುಂದಾಗಿ ನಡೆಸಿದ ‘ನಮ್ಮ ಸಂಘ’ವು ಈ ಹಳ್ಳಿಗಳಿಗೆ ಅನಿಲದ ಒಲೆಯನ್ನು ತಲಪಿಸಲು ಶ್ರಮಿಸಿದ್ದು ಈ ಕಾರಣದಿಂದಲೇ. ೨೦೧೬ರಲ್ಲಿ ಕೇಂದ್ರ ಸರ್ಕಾರದ ಉಜ್ವಲ ಯೋಜನೆಯೂ ಬಂದಿತು. ಆದರೂ ಅನ್ನಕ್ಕೆ ಅನಿಲ, ಸ್ನಾನದ ನೀರಿಗೂ ದನದ ಬೂಸಕ್ಕೂ ಸೌದೆ ಎಂಬ ಏರ್ಪಾಡು ಅನೇಕ ಮನೆಗಳಲ್ಲಿ ನಿಂತಿಲ್ಲ. ಒಲೆಯ ಒಳಗೋಡೆ ಕೆಟ್ಟರೆ ಅದೇ ಹಂಡೆಯ ನೀರಿಗೆ ಇನ್ನಷ್ಟು ಸೌದೆ ಬೇಕು. ಆ ಹೆಚ್ಚಿನ ಸೌದೆ ಯಾರದೋ ತಲೆಯ ಮೇಲಿನ ಭಾರ. ಅದರ ಹೊಗೆ ಯಾರದೋ ಎದೆಗೆ ಹೋಗತಕ್ಕ ಹೊಗೆ.

ಮೊದಲು ಒಲೆಯ ರಚನೆಯನ್ನು ತಿಳಿಯೋಣ. ಚೆನ್ನಾಗಿ ಕಟ್ಟಿದ ಒಲೆಯಲ್ಲಿ ಎರಡು ಗೋಡೆಗಳಿರುತ್ತವೆ. ಹೊರಗಿನದು ಭಾರವನ್ನು ಹೊರತಕ್ಕದ್ದು. ಹಂಡೆಯಾಗಲಿ ಕೊಪ್ಪರಿಗೆಯಾಗಲಿ ಅದರ ಮೇಲೆ ಕುಳಿತಿರುತ್ತದೆ. ಒಳಗಿನದು ಉರಿಯನ್ನು ಎದುರಿಸತಕ್ಕದ್ದು. ಅದರ ಮೇಲೆ ಭಾರವಿರಕೂಡದು. ಹೊರಗೋಡೆ ಉಳಿಯಲೆಂದು ಒಳಗೋಡೆ ಸವೆಯಬೇಕು. ನೇಗಿಲಿಗೆ ಕುಳ ಹೇಗೋ ಒಲೆಗೆ ಒಳಗೋಡೆ ಹಾಗೆ. ಕುಳ ಸವೆಯಿತೆಂದು ರೈತನು ದುಃಖಪಡುವುದಿಲ್ಲ, ಅದನ್ನು ಬದಲಿಸುತ್ತಾನೆ, ಬದಲಿಸದೆ ಉತ್ತರೆ ಮರವೇ ಸವೆಯುತ್ತದೆಂದು ಅವನು ಬಲ್ಲ. ಭದ್ರಾವತಿಯಲ್ಲಿ ೧೯೨೩ರಲ್ಲಿ ಕೆಲಸಕ್ಕೆ ತೊಡಗಿದ, ಮರದ ಇದ್ದಿಲಿನಿಂದ ಕಬ್ಬಿಣವನ್ನು ಕರಗಿಸುತ್ತಿದ್ದ ಊದುಕುಲುಮೆಗೂ ನಮ್ಮ ಹಂಡೆಯ ಒಲೆಗೂ ಗಾತ್ರದಲ್ಲಿ ಹೋಲಿಕೆಯೇ ಇಲ್ಲ. ಆದರೆ ಅಂತಹ ಕುಲುಮೆಯ ಉಕ್ಕಿನ ಮೈಯನ್ನು ಕಾಯುವುದು ಕೂಡ ಒಳಗಿನ ಇಟ್ಟಿಗೆಯ ಹೊದಿಕೆಯೇ. ಅದು ಸವೆದಾಗ ಕುಲುಮೆಯನ್ನು ನಿಲ್ಲಿಸಿ ಹೊಸದನ್ನು ಕಟ್ಟುತ್ತಾರೆ.

ಇನ್ನು ಇಟ್ಟಿಗೆ ಒಡೆಯುವ ಕಾರಣಗಳು. ಇವು ಮುಖ್ಯವಾಗಿ ನಾಲ್ಕು.

ಒಂದನೆಯದು ಹಿಗ್ಗು ಕುಗ್ಗು. ಕಾದ ವಸ್ತು ಹಿಗ್ಗುತ್ತದೆಂಬುದು ಎಲ್ಲರಿಗೂ ತಿಳಿದ ಸಂಗತಿ. ೯ ಅಂಗುಲದ ಒಂದು ಬೆಂಕಿ ಇಟ್ಟಿಗೆ ೮೦೦ ಡಿಗ್ರಿಯವರೆಗೆ ಕಾದರೆ ಸುಮಾರು ಒಂದು ಮಿಲಿಮೀಟರಿನಷ್ಟು ಉದ್ದವಾಗುತ್ತದೆ. ಇದು ಅಲ್ಪವೆಂದು ತೋರಬಹುದು. ಆದರೆ ಇಟ್ಟಿಗೆಯ ಮುಂಭಾಗ ಕೆಂಪಗೆ ಕಾದಿರುವಾಗ ಹಿಂಭಾಗ ಇನ್ನೂ ಕೈಯಿಂದ ಮುಟ್ಟುವಂತಿರುತ್ತದೆ. ಮುಂದಿನದು ಹಿಗ್ಗಬೇಕೆನ್ನುತ್ತದೆ, ಹಿಂದಿನದು ಬಿಡುವುದಿಲ್ಲ. ಈ ಜಗ್ಗಾಟದಲ್ಲಿ ಇಟ್ಟಿಗೆ ಸೀಳುತ್ತದೆ. ಮರಳು ಹೆಚ್ಚಾಗಿರುವ ಇಟ್ಟಿಗೆಗೆ ಇನ್ನೊಂದು ಅಪಾಯ ಉಂಟು. ಮರಳೆಂದರೆ ಬಹುಪಾಲು ಬೆಣಚುಕಲ್ಲಿನ ಹರಳು. ಈ ಹರಳು ೫೭೩ ಡಿಗ್ರಿಯನ್ನು ಮುಟ್ಟುತ್ತಲೇ ತನ್ನೊಳಗಿನ ಅಣುಗಳ ಜೋಡಣೆಯನ್ನು ಬದಲಿಸಿಕೊಂಡು ಥಟ್ಟನೆ ಹಿಗ್ಗುತ್ತದೆ; ತಣಿಯುವಾಗ ಅದೇ ಮಟ್ಟದಲ್ಲಿ ಥಟ್ಟನೆ ಕುಗ್ಗುತ್ತದೆ. ಸೌದೆಯ ಉರಿ ದಿನಕ್ಕೆರಡು ಸಲ ಈ ಗಡಿಯನ್ನು ದಾಟಿ ಹೋಗಿ ಬರುತ್ತದೆ.

ಎರಡನೆಯದು ಬೂದಿ. ಸೌದೆಯ ಬೂದಿಯಲ್ಲಿ ಸುಣ್ಣವೂ ಪೊಟ್ಯಾಸಿಯಂ ಕ್ಷಾರವೂ ಇರುತ್ತವೆ. ತೆಂಗಿನ ಸಿಪ್ಪೆ ಮತ್ತು ಚಿಪ್ಪುಗಳ ಬೂದಿಯಲ್ಲಿ ಈ ಕ್ಷಾರ ವಿಶೇಷವಾಗಿ ಹೆಚ್ಚು. ತಣ್ಣಗಿರುವಾಗ ಪಾತ್ರೆ ಬೆಳಗುವ ಈ ಬೂದಿ, ಕೆಂಪಗೆ ಕಾದ ಇಟ್ಟಿಗೆಯ ಮೇಲೆ ಬಿದ್ದರೆ ಜೇಡಿಮಣ್ಣಿನ ಜೊತೆ ಕೂಡಿ ಗಾಜಿನಂತೆ ಕರಗುತ್ತದೆ. ಹಳೆಯ ಒಲೆಯ ಒಳಮೈಯಲ್ಲಿ ಹಸುರು ಕಪ್ಪು ಬಣ್ಣದ ನುಣುಪಾದ ಹೊದಿಕೆಯನ್ನು ಕಾಣುತ್ತೇವಷ್ಟೆ. ಅದು ಇಟ್ಟಿಗೆಯನ್ನು ಕ್ಷಾರವು ತಿಂದುದರ ಗುರುತು.

ಮೂರನೆಯದು ನೀರು. ಅನ್ನದ ಗಂಜಿ ಉಕ್ಕಿ ಕಾದ ಇಟ್ಟಿಗೆಯ ಮೇಲೆ ಹರಿಯುವುದು, ಸೌದೆ ಉಳಿಯಲೆಂದು ಚೊಂಬಿನ ನೀರನ್ನು ಒಲೆಯೊಳಗೆ ಎರಚುವುದು, ಇವು ಒಂದು ತಿಂಗಳ ಸವೆತವನ್ನು ಒಂದೇ ಕ್ಷಣದಲ್ಲಿ ಮಾಡಿಬಿಡಬಲ್ಲವು. ಕೊಳ್ಳಿಯನ್ನು ಹೊರಗೆಳೆದು ಬೂದಿಯಲ್ಲಿ ಹೂಳುವುದೇ ಸರಿಯಾದ ಕ್ರಮ.

ನಾಲ್ಕನೆಯದು ಪೆಟ್ಟು. ದಪ್ಪ ಕುಂಟೆಯನ್ನು ಒಲೆಯ ಬಾಯಿಂದ ಬಲವಾಗಿ ನೂಕಿದರೆ ಅದು ಹಿಂದಿನ ಇಟ್ಟಿಗೆಗೆ ಗುದ್ದುತ್ತದೆ. ಮೊದಲೇ ಕೂದಲೆಳೆಯಷ್ಟು ಸೀಳಿದ್ದ ಇಟ್ಟಿಗೆ ಆ ಗುದ್ದಿಗೆ ಎರಡಾಗುತ್ತದೆ. ಅಡಿಗೆಯ ಒಲೆಗಳಲ್ಲಿ ಹಿಂದಿನ ಗೋಡೆಯೂ ಬಾಯಿಯ ಎರಡು ಅಂಚುಗಳೂ ಬೇಗ ಕೆಡುವುದಕ್ಕೆ ಇದು ಮುಖ್ಯ ಕಾರಣ.

ಹಾಗಾದರೆ ಸೀಳಿದ ಇಟ್ಟಿಗೆಯನ್ನೆಲ್ಲಾ ತೆಗೆದುಹಾಕಬೇಕೆ? ಬೇಕಾಗಿಲ್ಲ. ಸೀಳು ಕೂದಲಿನಂತಿದ್ದು ಇಟ್ಟಿಗೆ ತನ್ನ ಸ್ಥಾನದಲ್ಲಿ ಭದ್ರವಾಗಿ ನಿಂತಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಕಾದಾಗ ಇಟ್ಟಿಗೆ ಹಿಗ್ಗಿ ಆ ಸೀಳು ತಾನೇ ಮುಚ್ಚಿಕೊಳ್ಳುತ್ತದೆ. ಮೂರು ಚಿಹ್ನೆಗಳಲ್ಲಿ ಯಾವುದಾದರೊಂದು ಕಂಡರೆ ಮಾತ್ರ ಕೈಹಾಕತಕ್ಕದ್ದು: ಇಟ್ಟಿಗೆ ಬೆರಳಿಗೆ ಅಲುಗಾಡುತ್ತಿರುವುದು, ಅದರ ದಪ್ಪದಲ್ಲಿ ಮೂರರಲ್ಲೊಂದು ಪಾಲು ಸವೆದಿರುವುದು, ಸಂದಿನ ಮೂಲಕ ಹಿಂದಿನ ಹೊರಗೋಡೆ ಕಾಣುತ್ತಿರುವುದು. ಮೂರನೆಯ ಚಿಹ್ನೆ ಕಂಡಲ್ಲಿ ಒಂದು ದಿನವೂ ತಡಮಾಡಬಾರದು. ಉರಿ ಹೊರಗೋಡೆಗೆ ನೇರವಾಗಿ ತಗಲಿದರೆ, ನಾಲ್ಕು ಇಟ್ಟಿಗೆಯಲ್ಲಿ ಮುಗಿಯಬೇಕಾದ ಕೆಲಸ ಇಡೀ ಒಲೆಯನ್ನು ಕೆಡವುವಲ್ಲಿಗೆ ಹೋಗುತ್ತದೆ.

ಏನನ್ನು ಇಡಬೇಕೆಂಬುದಕ್ಕೆ ಮೊದಲು ಏನನ್ನು ಇಡಬಾರದೆಂಬುದನ್ನು ಹೇಳುತ್ತೇವೆ. ತಪ್ಪುಗಳು ಹೆಚ್ಚಾಗಿ ನಡೆಯುವುದು ಇಲ್ಲಿಯೇ. ಗಟ್ಟಿಯಾದ ವಸ್ತು ಉರಿಗೂ ಗಟ್ಟಿಯೆಂದು ಎಣಿಸುವುದು ಸಹಜ. ಚಾಮರಾಜನಗರದ ಕರಿಕಲ್ಲು ದೇಶವಿದೇಶಗಳಿಗೆ ಹೋಗುವ ಪ್ರಸಿದ್ಧ ಕಲ್ಲು. ಅದರ ತುಂಡುಗಳು ಅಲ್ಲಿ ಸುಲಭವಾಗಿ ಸಿಕ್ಕುತ್ತವೆ. ಆದಕಾರಣ ಒಡೆದ ಇಟ್ಟಿಗೆಯ ಎಡೆಯಲ್ಲಿ ಅದನ್ನು ಕೂರಿಸಲು ಮನಸ್ಸಾಗುತ್ತದೆ. ಆದರೆ ಈ ಕಲ್ಲು ದಟ್ಟವಾದುದು. ಇಟ್ಟಿಗೆಗಿಂತ ಬೇಗನೆ ಬಿಸಿಯನ್ನು ಹೊರಕ್ಕೆ ಸಾಗಿಸುತ್ತದೆ. ಪಾತ್ರೆಗೆ ಸೇರಬೇಕಾದ ಉಷ್ಣ ಗೋಡೆಗೆ ಹೋಗುತ್ತದೆ. ಕಲ್ಲಿನ ಮುಖವೂ ಕಾಲಕ್ರಮದಲ್ಲಿ ಚಕ್ಕೆಚಕ್ಕೆಯಾಗಿ ಸಿಡಿಯುತ್ತದೆ. ಹೊಳೆಯ ಉರುಟುಕಲ್ಲಂತೂ ಕೂಡದು. ಅದು ಬೆಣಚಾಗಿದ್ದರೆ ಹಿಂದೆ ಹೇಳಿದ ೫೭೩ ಡಿಗ್ರಿಯ ಕಾಟ; ಒಳಗೆ ನೀರು ಸೇರಿಕೊಂಡಿದ್ದರೆ ಅದು ಹಬೆಯಾಗಿ ಕಲ್ಲನ್ನೇ ಸಿಡಿಸಿ ಎದುರಿನವರ ಕಣ್ಣಿಗೆ ಅಪಾಯ ತರಬಹುದು.

ಎರಡನೆಯ ತಪ್ಪು ಸಿಮೆಂಟು. ಎಲ್ಲ ಬಿರುಕಿಗೂ ಸಿಮೆಂಟೇ ಮದ್ದೆಂಬ ನಂಬಿಕೆ ಈಗ ಊರೂರಲ್ಲಿ ಬೇರೂರಿದೆ. ಸಿಮೆಂಟು ನೀರನ್ನು ಹೀರಿ ಗಟ್ಟಿಯಾಗುವಾಗ ಅದರೊಳಗೆ ಅರಳಿದ ಸುಣ್ಣ ಹುಟ್ಟುತ್ತದೆ. ೪೦೦ರಿಂದ ೫೦೦ ಡಿಗ್ರಿಗಳ ಬಿಸಿಯಲ್ಲಿ ಆ ಸುಣ್ಣ ತನ್ನ ನೀರನ್ನು ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಒಲೆ ತಣಿದ ಮೇಲೆ ಗಾಳಿಯ ತೇವವನ್ನು ಹೀರಿ ಮತ್ತೆ ಅರಳುತ್ತದೆ, ಅಂದರೆ ಉಬ್ಬುತ್ತದೆ. ಹೀಗೆ ಕೆಲವು ದಿನಗಳಲ್ಲಿಯೇ ಆ ಗಾರೆ ಪುಡಿಯಾಗಿ ಉದುರುತ್ತದೆ. ಉದುರುವ ಮೊದಲು ಮತ್ತೊಂದು ಕೇಡನ್ನೂ ಮಾಡಿರುತ್ತದೆ. ಇಟ್ಟಿಗೆಗಳನ್ನು ಕದಲದಂತೆ ಬಿಗಿಹಿಡಿದು, ಅವು ಹಿಗ್ಗುವುದಕ್ಕೆ ಎಡೆಗೊಡದೆ, ನಡುವೆ ಸೀಳಿಸಿರುತ್ತದೆ. ಒಲೆಯ ಗಾರೆ ಇಟ್ಟಿಗೆಗಿಂತ ಮೆತ್ತಗಿರಬೇಕು. ಹಿಗ್ಗಾಟ ಬಂದಾಗ ಸಂದು ಸೋಲಬೇಕು, ಇಟ್ಟಿಗೆ ಉಳಿಯಬೇಕು. ಸಂದನ್ನು ಒಂದು ಹಿಡಿ ಮಣ್ಣಿನಿಂದ ತುಂಬಬಹುದು. ಇಟ್ಟಿಗೆಯನ್ನು ಹಾಗೆ ಮಾಡಲಾಗದು. ಬಿಸಿಯನ್ನು ತಡೆಯಲೆಂದು ಕಲ್ನಾರಿನ ಹಗ್ಗವನ್ನಾಗಲಿ ಹಾಳೆಯನ್ನಾಗಲಿ ತುರುಕುವುದನ್ನು ಪೂರ್ತಿಯಾಗಿ ವರ್ಜಿಸತಕ್ಕದ್ದು. ಅದರ ಎಳೆಗಳು ಶ್ವಾಸಕೋಶಕ್ಕೆ ಹೋಗಿ ಮಾರಕ ರೋಗಗಳನ್ನು ತರುತ್ತವೆ.

ಈಗ ಇಡತಕ್ಕ ವಸ್ತುವಿನ ವಿಚಾರ. ಊರಿನ ಗೂಡಿನಲ್ಲಿ ಸುಟ್ಟ ಇಟ್ಟಿಗೆ ಸಾಮಾನ್ಯವಾಗಿ ೮೦೦ರಿಂದ ೧೦೦೦ ಡಿಗ್ರಿಗಳ ಬಿಸಿಯನ್ನು ಕಂಡಿರುತ್ತದೆ. ಬಾಯಿ ತೆರೆದ ಸಾಧಾರಣ ಅಡಿಗೆ ಒಲೆಗೆ, ತಟ್ಟಿದರೆ ಖಣಿಲೆನ್ನುವ ಚೆನ್ನಾಗಿ ಬೆಂದ ಊರಿನ ಇಟ್ಟಿಗೆಯೇ ಸಾಕು. ವಿದ್ಯಾರ್ಥಿನಿಲಯದ ದೊಡ್ಡ ಒಲೆ, ಬೆಲ್ಲ ಕಾಯಿಸುವ ಆಲೆಮನೆಯ ಒಲೆ, ಗುಂಡ್ಲುಪೇಟೆಯ ಕಡೆ ಅರಿಸಿನ ಬೇಯಿಸುವುದಕ್ಕೆ ಕಟ್ಟುವ ಉದ್ದದ ಒಲೆ, ಹೊಗೆಕೊಳವೆಯ ಸೆಳೆತವಿರುವ ಮುಚ್ಚಿದ ಒಲೆ ಇವುಗಳಲ್ಲಿ ಉರಿಯ ತೀಕ್ಷ್ಣತೆ ಹೆಚ್ಚು. ಅಲ್ಲಿಗೆ ಬೆಂಕಿ ಇಟ್ಟಿಗೆಯೇ ಬೇಕು. ಅಂಗಡಿಯಲ್ಲಿ ಫೈರ್‌ಬ್ರಿಕ್ಸ್ ಎಂದು ಕೇಳಿದರೆ ಕೊಡುತ್ತಾರೆ. ಸಾಧಾರಣ ಅಳತೆ ೯ ಅಂಗುಲ ಉದ್ದ, ನಾಲ್ಕೂವರೆ ಅಂಗುಲ ಅಗಲ, ೩ ಅಂಗುಲ ದಪ್ಪ. ಅಲ್ಯೂಮಿನ ಹೆಚ್ಚಾಗಿರುವ ಒಂದು ಬಗೆಯ ಜೇಡಿಮಣ್ಣನ್ನು, ಮೊದಲೇ ಸುಟ್ಟು ಪುಡಿಮಾಡಿದ ಅದೇ ಮಣ್ಣಿನೊಡನೆ ಬೆರೆಸಿ, ಊರಿನ ಇಟ್ಟಿಗೆಗಿಂತ ಬಹಳ ಹೆಚ್ಚಿನ ಉರಿಯಲ್ಲಿ ಸುಟ್ಟು ಇದನ್ನು ಮಾಡುತ್ತಾರೆ. ಸೌದೆಯ ಉರಿ ಇದನ್ನು ಕರಗಿಸಲಾರದು. ಹಗುರವಾಗಿ ತೂತುತೂತಾಗಿರುವ ಇನ್ನೊಂದು ಜಾತಿಯ ಇಟ್ಟಿಗೆಯೂ ಉಂಟು. ಅದು ಬಿಸಿಯನ್ನು ಚೆನ್ನಾಗಿ ತಡೆಯುತ್ತದಾದರೂ ಸೌದೆಯ ಪೆಟ್ಟಿಗೆ ನಿಲ್ಲುವುದಿಲ್ಲ. ಅದರ ಸ್ಥಾನ ಉರಿಯ ಮುಂದಲ್ಲ, ಬೆಂಕಿ ಇಟ್ಟಿಗೆಯ ಬೆನ್ನಿಗೆ.

ಗಾರೆಯಾಗಿ ಬೆಂಕಿ ಇಟ್ಟಿಗೆಯ ಜಾತಿಯದೇ ಮಣ್ಣು, ಅಂದರೆ ಫೈರ್‌ಕ್ಲೇ, ಪುಡಿಯಾಗಿ ದೊರೆಯುತ್ತದೆ. ಊರಿನ ಇಟ್ಟಿಗೆಯ ಒಲೆಗಾದರೆ ಜರಡಿ ಹಿಡಿದ ಹುತ್ತದ ಮಣ್ಣು ಒಂದು ಪಾಲು, ನುಣ್ಣಗೆ ಕುಟ್ಟಿದ ಹಳೆಯ ಇಟ್ಟಿಗೆಯ ಅಥವಾ ಹೆಂಚಿನ ಪುಡಿ ಒಂದು ಪಾಲು ಸಾಕು. ಬರಿಯ ಜೇಡಿಮಣ್ಣು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಮೊದಲೇ ಸುಟ್ಟ ಪುಡಿ ಮತ್ತೆ ಕುಗ್ಗಲಾರದಾದ್ದರಿಂದ ಬಿರುಕು ಕಡಿಮೆಯಾಗುತ್ತದೆ. ಬೆಂಕಿ ಇಟ್ಟಿಗೆಯನ್ನು ಮಾಡುವ ಕಾರ್ಖಾನೆಯ ಯುಕ್ತಿಯೂ ಇದೇ ಅಲ್ಲವೆ?

ಕೆಲಸದ ಕ್ರಮವನ್ನು ಈಗ ಹೇಳುತ್ತೇವೆ. ಒಲೆ ಒಂದು ಇಡೀ ದಿನವಾದರೂ ತಣ್ಣಗಿರಬೇಕು. ಬೂದಿಯನ್ನೆಲ್ಲಾ ತೆಗೆದು, ಕೀಳುವುದಕ್ಕೆ ಮೊದಲೇ ಒಳಗಿನ ಅಗಲ, ಉದ್ದ, ಪಾತ್ರೆಯ ತಳಕ್ಕೂ ಗೋಡೆಗೂ ನಡುವಿನ ಅಂತರ ಇವನ್ನು ಒಂದು ಕಡ್ಡಿಯಲ್ಲಿ ಗುರುತುಮಾಡಿಕೊಳ್ಳಬೇಕು. ಈ ಕಡ್ಡಿ ಅತಿಮುಖ್ಯ. ಹೊಸ ಇಟ್ಟಿಗೆ ಹಳೆಯದಕ್ಕಿಂತ ಮುಂದಕ್ಕೆ ಚಾಚಿದರೆ ಉರಿಗೆ ಉಸಿರು ಕಟ್ಟಿ ಹೊಗೆ ಬಾಯಿಂದ ಹೊರಬರುತ್ತದೆ. ಹಿಂದಕ್ಕೆ ಸರಿದರೆ ಜ್ವಾಲೆ ಪಾತ್ರೆಯನ್ನು ಸವರದೆ ಅಗಲವಾದ ಸಂದಿನಿಂದ ಹಾಗೆಯೇ ಹೊರಟುಹೋಗುತ್ತದೆ. ಒಲೆಯ ಗುಣವಿರುವುದು ಅದರ ಇಟ್ಟಿಗೆಯಲ್ಲಿ ಮಾತ್ರವಲ್ಲ, ಅದರ ಒಳಗಿನ ಬರಿದಾದ ಎಡೆಯಲ್ಲಿಯೂ ಇದೆ. ಉರಿಯುವುದೂ ಗಾಳಿ ಆಡುವುದೂ ಅಲ್ಲಿಯೇ.

ಒಡೆದ ಇಟ್ಟಿಗೆಯ ಸುತ್ತಲಿನ ಸಂದನ್ನು ಉಳಿಯಿಂದ ಕೆರೆದು, ಇಟ್ಟಿಗೆಯನ್ನು ತುಂಡುತುಂಡಾಗಿ ಹೊರಗೆ ತೆಗೆಯತಕ್ಕದ್ದು. ಮೇಲಿನ ಸಾಲಿನಿಂದ ತೊಡಗಬೇಕು; ಕೆಳಗಿನದನ್ನು ಮೊದಲು ಎಳೆದರೆ ಮೇಲಿನದು ಕುಸಿಯುತ್ತದೆ. ಹೊಸ ಇಟ್ಟಿಗೆಯನ್ನು ಕತ್ತರಿಸಬೇಕಾದರೆ ನೀರಿನಲ್ಲಿ ನೆನೆಸಿ ಕತ್ತರಿಸುವುದು ಒಳ್ಳೆಯದು. ಒಣ ಇಟ್ಟಿಗೆಯ ಧೂಳಿನಲ್ಲಿ ಸಿಲಿಕದ ಕಣಗಳಿರುತ್ತವೆ. ಕಲ್ಲುಗಣಿಯ ಕೆಲಸಗಾರರ ಶ್ವಾಸಕೋಶವನ್ನು ಕೆಡಿಸುವ ಧೂಳು ಇದೇ. ಮೂಗು ಬಾಯಿಗಳನ್ನು ಚೆನ್ನಾಗಿ ಮುಚ್ಚಿಕೊಂಡೇ ಕೆಲಸಕ್ಕೆ ಕೂಡಬೇಕು. ಇಟ್ಟಿಗೆ ಕೂರುವ ಗೂಡನ್ನು ಗುಡಿಸಿ, ನೀರು ಚಿಮುಕಿಸಿ, ಇಟ್ಟಿಗೆಯನ್ನೂ ಒಮ್ಮೆ ನೀರಿನಲ್ಲಿ ಅದ್ದಬೇಕು. ಇಲ್ಲವಾದರೆ ಅದು ಗಾರೆಯ ನೀರನ್ನೆಲ್ಲಾ ಹೀರಿ ಸಂದು ಹಿಡಿಯದಂತೆ ಮಾಡುತ್ತದೆ. ಗಾರೆ ದೋಸೆಯ ಹಿಟ್ಟಿನಷ್ಟು ತೆಳುವಾಗಿರಲಿ. ಸಂದು ೨ ಅಥವಾ ೩ ಮಿಲಿಮೀಟರನ್ನು ಮೀರಬಾರದು. ದಪ್ಪ ಸಂದು ಭದ್ರವೆಂಬುದು ಭ್ರಮೆ. ಉರಿ ಮೊದಲು ತಿನ್ನುವುದು ದಪ್ಪ ಸಂದನ್ನೇ. ಒಳಗೋಡೆಗೂ ಹೊರಗೋಡೆಗೂ ನಡುವೆ ಗಾರೆ ತುಂಬದೆ ಒಣ ಬೂದಿಯನ್ನು ತೆಳುವಾಗಿ ಬಿಟ್ಟರೆ, ಒಳಗಿನದು ಹಿಗ್ಗಲು ಎಡೆಯೂ ಆಯಿತು, ಬಿಸಿಗೆ ತಡೆಯೂ ಆಯಿತು.

ಕಬ್ಬಿಣದ ಜಾಲರಿ ಇರುವ ಒಲೆಯಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಕಬ್ಬಿಣವು ಬೆಂಕಿ ಇಟ್ಟಿಗೆಯ ಎರಡರಷ್ಟು ಹಿಗ್ಗುತ್ತದೆ. ಒಂದು ಅಡಿಯ ಸರಳು ೭೦೦ ಡಿಗ್ರಿಗೆ ಕಾದರೆ ಸುಮಾರು ಎರಡೂವರೆ ಮಿಲಿಮೀಟರು ಉದ್ದವಾಗುತ್ತದೆ. ಅದರ ಎರಡು ತುದಿಗಳನ್ನೂ ಇಟ್ಟಿಗೆಗೆ ಒತ್ತಿ ಕೂರಿಸಿದರೆ ಆ ಸರಳೇ ಗೋಡೆಯನ್ನು ನೂಕಿ ಒಡೆಯುತ್ತದೆ. ಒಂದು ತುದಿಯಲ್ಲಿ ಕಾಲಂಗುಲದಷ್ಟು ತೆರಪು ಬಿಡತಕ್ಕದ್ದು.

ಇಷ್ಟಾದ ಮೇಲೆ ಆತುರ ಕೂಡದು. ಹಸಿ ಸಂದಿನ ನೀರು ೧೦೦ ಡಿಗ್ರಿಯಲ್ಲಿ ಹಬೆಯಾಗುತ್ತದೆ. ದಾರಿ ಸಿಕ್ಕದಿದ್ದರೆ ಗಾರೆಯನ್ನು ಎತ್ತಿ ಎಸೆಯುತ್ತದೆ. ಎರಡು ಮೂರು ದಿನ ನೆರಳಿನಲ್ಲಿ ಆರಬಿಟ್ಟು, ನಾಲ್ಕನೆಯ ದಿನ ಒಂದು ಹಿಡಿ ಪುಳ್ಳೆಯ ಉರಿ, ಮರುದಿನ ಅದರ ಎರಡರಷ್ಟು, ಅದರ ಮರುದಿನ ಸಣ್ಣ ಸೌದೆ, ಹೀಗೆ ಒಂದು ವಾರದಲ್ಲಿ ಪೂರ್ಣ ಉರಿಗೆ ಬರುವುದು ಉತ್ತಮ. ಮದುವೆಯ ಹಿಂದಿನ ರಾತ್ರಿ ಒಲೆಯನ್ನು ಸರಿಪಡಿಸಿ ಬೆಳಗ್ಗೆ ಕೊಪ್ಪರಿಗೆ ಏರಿಸುವವರ ಕೆಲಸ ನಿಲ್ಲದಿರುವುದಕ್ಕೆ ಗಾರೆಯವನ ಕೈ ಕಾರಣವಲ್ಲ.

ಈ ಸಣ್ಣ ಕೆಲಸವನ್ನು ಇಷ್ಟು ವಿಸ್ತಾರವಾಗಿ ಹೇಳುವುದಕ್ಕೆ ನಮ್ಮ ರಾಜ್ಯದ ಚರಿತ್ರೆಯಲ್ಲಿಯೇ ಒಂದು ಕಾರಣವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ ೧೯೭೪ರಲ್ಲಿ ‘ಅಸ್ತ್ರ’ ಎಂಬ ವಿಭಾಗ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಒದಗಿಸುವುದು ಅದರ ಉದ್ದೇಶ. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ಯಲ್ಲಿ ಒಂದೇ ಉರಿಗೆ ಮೂರು ಪಾತ್ರೆ, ಕೆಳಗೆ ಜಾಲರಿ, ಹೊಗೆಗೆ ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಶಕ್ತಿಯ ಹತ್ತರಲ್ಲೊಂದು ಪಾಲಿನಷ್ಟೇ ಪಾತ್ರೆಗೆ ಸೇರುತ್ತಿದ್ದರೆ, ಪ್ರಯೋಗಶಾಲೆಯಲ್ಲಿ ಈ ಒಲೆ ಅದರ ಹಲವು ಪಟ್ಟು ಕೊಟ್ಟಿತು. ೧೯೮೦ರ ದಶಕದಲ್ಲಿ ರಾಜ್ಯದ ಹಳ್ಳಿಗಳಲ್ಲಿ ಇದನ್ನು ಹರಡಿದರು. ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವೂ ಅದೇ ದಶಕದಲ್ಲಿ ತೊಡಗಿ ೨೦೦೨ರವರೆಗೆ ನಡೆದು ನಿಂತಿತು. ದೇಶದಲ್ಲಿ ಹಾಗೆ ಕಟ್ಟಿದ ಒಲೆಗಳಲ್ಲಿ ಬಹಳಷ್ಟು ಕೆಲವು ವರ್ಷಗಳಲ್ಲಿಯೇ ಮೂಲೆ ಸೇರಿದವು. ಕಟ್ಟುವುದಕ್ಕೆ ಹಣವಿತ್ತು, ತರಬೇತಿ ಪಡೆದವರಿದ್ದರು; ಬಿರುಕು ಬಿಟ್ಟಾಗ ಸರಿಪಡಿಸುವುದಕ್ಕೆ ಬಹುಕಡೆ ಯಾರೂ ಇರಲಿಲ್ಲ. ಒಲೆಯೊಳಗಿನ ಎಡೆ ಒಂದು ಅಂಗುಲ ಹೆಚ್ಚು ಕಡಿಮೆಯಾದರೆ ವಿಜ್ಞಾನಿಯ ಲೆಕ್ಕವೆಲ್ಲಾ ಬೂದಿಯಾಗುತ್ತದೆಂಬುದನ್ನು ಮೇಲೆ ನೋಡಿದೆವು. ಆ ಅಂಗುಲವನ್ನು ಕಾಯಬೇಕಾದವರು ಒಲೆಯ ಮುಂದೆ ಕೂಡುವ ತಾಯಂದಿರು. ಇಟ್ಟಿಗೆ ಏಕೆ ಅಲ್ಲಿದೆಯೆಂದು ಅವರಿಗೆ ಹೇಳುವ ಕೆಲಸ, ಒಲೆಯನ್ನು ಕಟ್ಟಿಕೊಟ್ಟಷ್ಟು ಶ್ರದ್ಧೆಯಿಂದ ನಡೆಯಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಸೌದೆಯ ಒಲೆ ನಿರಪಾಯವೆಂದು ಯಾರೂ ತಿಳಿಯಬಾರದು. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಜಗತ್ತಿನಲ್ಲಿ ಸುಮಾರು ೩೨ ಲಕ್ಷ ಜನರು ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಇಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಸೌದೆಯ ಹೊಗೆ ಹೊಗೆಯೇ. ಅನಿಲದ ಅಥವಾ ವಿದ್ಯುತ್ತಿನ ಒಲೆ ಕೈಗೆಟುಕುವ ಮನೆಯಲ್ಲಿ ದಿನದ ಅಡಿಗೆಗೆ ಅದನ್ನೇ ಬಳಸುವುದು ವಿವೇಕ. ಸೌದೆಯ ಒಲೆ ಉಳಿದಿರುವಲ್ಲಿ ಹೊಗೆಕೊಳವೆ ಶುದ್ಧವಾಗಿರಲಿ, ಗಾಳಿ ಆಡಲಿ, ಕೆಂಡವಿರುವ ಒಲೆಯಿರುವ ಕೋಣೆಯ ಬಾಗಿಲು ಕಿಟಕಿಗಳನ್ನು ಮುಚ್ಚಿ ಯಾರೂ ಮಲಗದಿರಲಿ.

ಊರಿಗೆ ಹೋದಾಗ ನಮ್ಮಲ್ಲಿ ಅನೇಕರು ಮನೆಯ ಮಾಡನ್ನೂ ಬಾವಿಯನ್ನೂ ನೋಡಿ ಬರುತ್ತೇವೆ; ಒಲೆಯೊಳಗೆ ಬಗ್ಗಿ ನೋಡುವವರು ವಿರಳ. ಒಂದು ದೀಪವನ್ನು ಹಿಡಿದು, ಬೂದಿಯನ್ನು ಸರಿಸಿ, ಇಟ್ಟಿಗೆಯನ್ನು ಬೆರಳಿನಿಂದ ಅಲುಗಿಸಿ ನೋಡುವುದಕ್ಕೆ ಐದು ನಿಮಿಷ ಸಾಕು. ಅಲುಗಿದರೆ ನಾಲ್ಕು ಇಟ್ಟಿಗೆ, ಒಂದು ಬುಟ್ಟಿ ಮಣ್ಣು, ಒಂದು ವಾರದ ತಾಳ್ಮೆ ಬೇಕಾದೀತು. ಆ ಮನೆಯಲ್ಲಿ ಒಲೆಯ ಮುಂದೆ ಕೂಡುವವರು ಅಷ್ಟನ್ನು ನಮ್ಮಿಂದ ನಿರೀಕ್ಷಿಸುವುದು ನ್ಯಾಯವಾಗಿಯೇ ಇದೆ.